ಸೊಗಡವರೆಯ ಚೀಲ

ಹಾಸನದಿಂದ ಹೊಳೆನರಸೀಪುರದ ದಾರಿ ಹಿಡಿದರೆ ಮೊಸಳೆ ಸಿಗುತ್ತದೆ. ಹೊಯ್ಸಳರ ಕಾಲದ ನಾಗೇಶ್ವರ, ಚೆನ್ನಕೇಶವ ಗುಡಿಗಳು ಅಲ್ಲಿ ಅವಳಿ ಮಕ್ಕಳ ಹಾಗೆ ಅಕ್ಕಪಕ್ಕ ನಿಂತಿವೆ. ದೇವರಿಗೆ ಕೊಡುವುದು ಈ ಸೀಮೆಗೆ ಹೊಸತಲ್ಲ. ನಂದಾದೀಪಕ್ಕೆ ಎಣ್ಣೆ, ನೈವೇದ್ಯಕ್ಕೆ ಗದ್ದೆ ಬಿಟ್ಟವರ ಹೆಸರನ್ನು ಹೊಯ್ಸಳರ ದತ್ತಿ ಶಾಸನಗಳು ಇಂದಿಗೂ ಹೇಳುತ್ತವೆ. ನಾನು ಕಂಡದ್ದು ಮಾತ್ರ ಯಾವ ಕಲ್ಲೂ ಬರೆದಿಟ್ಟುಕೊಳ್ಳದ ಕೊಡುಗೆ.

ರಾಗಿ ಕಣ ಮುಗಿದ ಮೇಲಿನ ಒಂದು ಭಾನುವಾರ. ಮೊಸಳೆಹೊಸಹಳ್ಳಿ ಕಡೆಯಿಂದ ಬಂದ ಅಜ್ಜಿಯೊಬ್ಬರು ಹಾಸನದಲ್ಲಿ ಬಸ್ಸಿಳಿದರು. ಸೊಂಟದ ಮೇಲೆ ಬಟ್ಟೆ ಚೀಲ, ಒಳಗೆ ಸೊಗಡವರೆ. ಆ ವಾಸನೆಯ ಹಿಂದೆಯೇ ನಾನೂ ಸಿ.ಎಸ್.ಐ. ಚರ್ಚಿನ ಬಾಗಿಲಿಗೆ ಬಂದೆ. ಒಳಗೆ ಸುಗ್ಗಿ ಹಬ್ಬದ ಆರಾಧನೆ.

ಪೀಠದ ಮೆಟ್ಟಿಲೇ ಕಾಣುತ್ತಿರಲಿಲ್ಲ. ಚನ್ನರಾಯಪಟ್ಟಣದ ಕಡೆಯ ತೆಂಗಿನಕಾಯಿ, ಮಣ್ಣು ಇನ್ನೂ ಒಣಗದ ಆಲೂಗಡ್ಡೆ, ಹೊಂಬಾಳೆ, ಕುಂಬಳ, ಕಬ್ಬಿನ ಜಲ್ಲೆ, ಕಾಲು ಕಟ್ಟಿದ ನಾಟಿ ಕೋಳಿ. ಹೊಲವಿಲ್ಲದವರು ಅಕ್ಕಿ, ಬೆಲ್ಲ ಕೊಂಡು ತಂದಿದ್ದರು. ಒಬ್ಬ ಹುಡುಗ ಒಂದೇ ಒಂದು ಮೊಟ್ಟೆಯನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡು ಬಂದ. ಬೈಬಲಿನ ಧರ್ಮೋಪದೇಶಕಾಂಡದಲ್ಲಿ ಪ್ರಥಮ ಫಲವನ್ನು ಪುಟ್ಟಿಯಲ್ಲಿಟ್ಟು ದೇವರ ಮುಂದೆ ತರಬೇಕೆಂಬ ವಿಧಿಯಿದೆ. ಆ ಪುಟ್ಟಿ ಇಲ್ಲಿ ನಮ್ಮ ಮಂಕರಿಯಾಗಿತ್ತು.

1947ರ ಸೆಪ್ಟೆಂಬರ್ 27ರಂದು ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆ, ಹುಟ್ಟುವ ಮುಂಚೆ ಇಲ್ಲಿ ಕೆಲಸ ಮಾಡಿದ್ದು ವೆಸ್ಲಿಯನ್ ಮಿಷನ್. ಊರಿನ ರೆಡ್‌ಫರ್ನ್ ಆಸ್ಪತ್ರೆಯೂ ಅವರ ಕಾಲದ್ದೇ. ಕಡಲಾಚೆಯ ಯಾವುದೋ ಸಭೆಯ ಭಾನುವಾರದ ಕಾಣಿಕೆ ಇಲ್ಲಿನ ರೋಗಿಗೆ ಹಾಸಿಗೆಯಾಯಿತು. ಕೊಟ್ಟವರು ಆ ಹಾಸಿಗೆಯನ್ನು ನೋಡಲೇ ಇಲ್ಲ.

ಅಜ್ಜಿ ಚೀಲವನ್ನು ಕುಂಬಳದ ಪಕ್ಕ ಇಟ್ಟು ಕೈಮುಗಿದರು. "ಬೆಳ್ಸ್ದೋನು ಅವ್ನು, ನಂದೇನೈತೆ ಅಯ್ಯನೋರೆ?" ಅಂದರು. ದೇವಾಲಯದ ಪೆಟ್ಟಿಗೆಗೆ ಎರಡು ಕಾಸು ಹಾಕಿದ ಬಡ ವಿಧವೆಯ ಮಾತು ಅಂದಿನ ಪ್ರಸಂಗದಲ್ಲೂ ಬಂತು. ಯೇಸು ನೋಡಿದ್ದು ಹಾಕಿದ ಹಣವನ್ನಲ್ಲ, ಹಾಕಿದ ಮೇಲೆ ಅವಳ ಹತ್ತಿರ ಏನು ಉಳಿಯಿತು ಎಂಬುದನ್ನು. ನನ್ನ ಕಣ್ಣು ಅಜ್ಜಿಯ ಬರಿಗೈ ಕಡೆ ಹೋಯಿತು.

ಆರಾಧನೆ ಮುಗಿದದ್ದೇ ಅಂಗಳದಲ್ಲಿ ಆ ಕಾಣಿಕೆಗಳ ಹರಾಜು. ಮೊದಲು ಆ ಮೊಟ್ಟೆ. ಹತ್ತು, ಇಪ್ಪತ್ತು, ಐವತ್ತು! ನೂರಕ್ಕೆ ಕೂಗಿ ಗೆದ್ದವರು ದುಡ್ಡು ಕೊಟ್ಟು ಮೊಟ್ಟೆಯನ್ನು ಮತ್ತೆ ಮೇಜಿಗೇ ಇಟ್ಟರು. ಮತ್ತೆ ಕೂಗು, ಮತ್ತೆ ವಾಪಸ್ಸು. ನಾಲ್ಕು ಸಲ ಮಾರಾಟವಾದರೂ ಆ ಮೊಟ್ಟೆ ಯಾರ ಮನೆಗೂ ಹೋಗಲಿಲ್ಲ. ಸಂತೆಯಲ್ಲಿ ಹೀಗೆ ನಡೆದೀತೇ? ಅಲ್ಲಿ ನೂರಕ್ಕೆ ಕೂಗಿದವನನ್ನು ದಡ್ಡ ಅಂದಾರು. ಇಲ್ಲಿ ಎಲ್ಲರಿಗೂ ಗೊತ್ತು, ಕೂಗುವುದು ಮೊಟ್ಟೆಗಲ್ಲ. ಕೊಟ್ಟ ಹುಡುಗ ಮಾತ್ರ ಪ್ರತಿ ಕೂಗಿಗೂ ಒಂದಂಗುಲ ಎತ್ತರವಾಗುತ್ತಿದ್ದ.

ಅವರೆಯ ಚೀಲವನ್ನು ಒಬ್ಬ ಮೇಷ್ಟ್ರು ಹಿಡಿದರು. ಅಜ್ಜಿ ಮೆಲ್ಲಗೆ ಹತ್ತಿರ ಹೋಗಿ, "ಕಾಯಿ ನೀವ್ ಮಡಿಕ್ಕಳಿ, ಚೀಲ ಒಂದ್ ಕೊಟ್ಬುಡಿ ಸ್ವಾಮಿ" ಎಂದರು. ಅವರು ಕಾಯಿಯನ್ನೆಲ್ಲ ತಮ್ಮ ಚೀಲಕ್ಕೆ ಸುರಿದುಕೊಂಡು ಬಟ್ಟೆ ಚೀಲವನ್ನು ಕೊಡವಿ ಕೊಟ್ಟರು. ಗೇಟಿನವರೆಗೆ ಹೋದ ಅಜ್ಜಿ ಅದನ್ನು ಮಡಿಸಲು ನಿಂತರು. ಹೊಲಿಗೆಯ ಮೂಲೆಯಲ್ಲಿ ಏನೋ ಕೈಗೆ ತಾಗಿತು. ಎರಡು ಕಾಯಿ ಸಿಕ್ಕಿಕೊಂಡಿದ್ದವು. ಬಸ್ಸಿಗೆ ಹೊತ್ತಾಗಿತ್ತು. ಅಜ್ಜಿ ಎರಡು ಕಾಯಿಯನ್ನೂ ಬಿಡಿಸಿಕೊಂಡು, ಸೀರೆ ಎತ್ತಿ ಹಿಡಿದು, ಮೇಷ್ಟ್ರನ್ನು ಹುಡುಕಿಕೊಂಡು ವಾಪಸ್ಸು ಓಡಿದರು.