ಡಯಾಲಿಸಿಸ್ ರೋಗಿಯ ಕೈಯ ಫಿಸ್ಟುಲಾ

ಫಿಸ್ಟುಲಾ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಭಗಂದರ ವ್ಯಾಧಿ. ಆದುದರಿಂದ ಮೂತ್ರಪಿಂಡದ ವೈದ್ಯರು "ಕೈಗೆ ಫಿಸ್ಟುಲಾ ಮಾಡಿಸಿಕೊಳ್ಳಿ" ಎಂದಾಗ ರೋಗಿಯೂ ಮನೆಯವರೂ ಗಾಬರಿಯಾಗುವುದು ಸಹಜ. ಕೈ ಕೆಲಸಕ್ಕೆ ಬಾರದಂತಾದೀತೆಂದು ಹೆದರಿ, "ಅಡಿಕೆ ಕೊಯ್ಲು ಮುಗಿಯಲಿ, ಕಾಫಿ ಒಣಗಲಿ" ಎಂದು ಮುಂದೂಡುವವರೂ ಉಂಟು. ಈ ಮುಂದೂಡಿಕೆಯಿಂದಾಗುವ ಹಾನಿ ದೊಡ್ಡದು. ಸದಸ್ಯ ಬಾಂಧವರು ವಿಷಯವನ್ನು ಸರಿಯಾಗಿ ತಿಳಿದಿರಲೆಂದು ಈ ನಾಲ್ಕು ಮಾತು.

ಫಿಸ್ಟುಲಾ ಎಂದರೇನು?

ಮೂತ್ರಪಿಂಡಗಳು ಕೆಲಸ ನಿಲ್ಲಿಸಿದಾಗ ರಕ್ತದಲ್ಲಿನ ಕಲ್ಮಶವನ್ನೂ ಹೆಚ್ಚಾದ ನೀರನ್ನೂ ಯಂತ್ರದ ಮೂಲಕ ತೆಗೆಯುವುದೇ ಹಿಮೋಡಯಾಲಿಸಿಸ್. ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು 4 ಗಂಟೆ. ನಿಮಿಷಕ್ಕೆ 250-300 ಮಿಲಿಲೀಟರ್ ರಕ್ತ ಯಂತ್ರಕ್ಕೆ ಹೋಗಿ ಶುದ್ಧವಾಗಿ ಮರಳಬೇಕು. ಚರ್ಮದಡಿ ನೀಲಿಯಾಗಿ ಕಾಣುವ ಅಭಿಧಮನಿ ಇಷ್ಟು ರಕ್ತ ಕೊಡಲಾರದು. ಬೇಸಿಗೆಯ ಹಳ್ಳಕ್ಕೆ ಪಂಪು ಇಟ್ಟಂತಾಗುತ್ತದೆ. ಅಪಧಮನಿಯಲ್ಲಿ ಒತ್ತಡವೂ ಹರಿವೂ ಇವೆ; ಆದರೆ ಅದು ಆಳದಲ್ಲಿದೆ, ಪದೇ ಪದೇ ಸೂಜಿ ಚುಚ್ಚುವಂತಹದಲ್ಲ.

ಇವೆರಡನ್ನೂ ಮಣಿಕಟ್ಟು ಅಥವಾ ಮೊಣಕೈ ಬಳಿ ಸಣ್ಣ ಶಸ್ತ್ರಕ್ರಿಯೆಯಿಂದ ಜೋಡಿಸುವುದೇ ಫಿಸ್ಟುಲಾ. ಅಪಧಮನಿಯ ರಕ್ತ ನೇರವಾಗಿ ಅಭಿಧಮನಿಗೆ ನುಗ್ಗಿದಾಗ ಅದು ಕ್ರಮೇಣ ಹಿಗ್ಗಿ, ಗೋಡೆ ದಪ್ಪವಾಗಿ, ಸೂಜಿಗೆ ತಕ್ಕ ಗಟ್ಟಿ ನಾಳವಾಗುತ್ತದೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿರುವ ಮಾಜಿ ಸೈನಿಕರ ಆಸ್ಪತ್ರೆಯ ವೈದ್ಯರಾದ ಬ್ರೆಸಿಯಾ, ಸಿಮಿನೋ ಮತ್ತು ಸಂಗಡಿಗರು 1966ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಇಂದಿಗೂ ಹೆಚ್ಚಿನ ರೋಗಿಗಳಿಗೆ ಇದೇ ಉತ್ತಮವೆಂದು ಪರಿಗಣಿತವಾಗಿದೆ. ಹೊರಗಿನ ವಸ್ತು ಯಾವುದೂ ದೇಹದಲ್ಲಿ ಉಳಿಯದ ಕಾರಣ ಸೋಂಕು ಕಡಿಮೆ. ಚೆನ್ನಾಗಿ ನೋಡಿಕೊಂಡರೆ ವರ್ಷಗಟ್ಟಲೆ ಬಾಳುತ್ತದೆ.

ಮುಂಚಿತವಾಗಿ ಏಕೆ?

ಇಂದು ಮಾಡಿಸಿದ ಫಿಸ್ಟುಲಾ ನಾಳೆ ಉಪಯೋಗಕ್ಕೆ ಬಾರದು. ಬಲಿಯಲು ಸಾಮಾನ್ಯವಾಗಿ 6 ವಾರದಿಂದ 3 ತಿಂಗಳು ಬೇಕು. ಕೆಲವು ಬಲಿಯುವುದೇ ಇಲ್ಲ, ಮತ್ತೊಂದು ಮಾಡಿಸಬೇಕಾಗುತ್ತದೆ. ಮಳೆ ಹಿಡಿದ ಮೇಲೆ ಬಸಿಗಾಲುವೆ ತೆಗೆಯಲು ಹೊರಡುವ ಬೆಳೆಗಾರನಿಲ್ಲ. ಇಲ್ಲಿಯೂ ಅದೇ ನ್ಯಾಯ. ಮೂತ್ರಪಿಂಡದ ಶಕ್ತಿ ನೂರಕ್ಕೆ 15-20ರ ಮಟ್ಟಕ್ಕೆ ಬಂದು ಇನ್ನೂ ಇಳಿಯುತ್ತಿದ್ದರೆ ಈ ಬಗ್ಗೆ ವೈದ್ಯರನ್ನು ಕೇಳತಕ್ಕದ್ದು.

ತಡಮಾಡಿದವರಿಗೆ ತುರ್ತಿನಲ್ಲಿ ಕುತ್ತಿಗೆಯ ದೊಡ್ಡ ಅಭಿಧಮನಿಗೆ ಕ್ಯಾಥೆಟರ್ ಎಂಬ ನಳಿಗೆ ಹಾಕುತ್ತಾರೆ. ಅದು ಆ ಹೊತ್ತಿಗೆ ಜೀವ ಉಳಿಸುವುದು ನಿಜ. ಆದರೆ ಅದರ ದಾರಿಯಲ್ಲಿ ರೋಗಾಣು ರಕ್ತಕ್ಕೆ ಸೇರಿ ಚಳಿಜ್ವರ ಬಂದರೆ ಪ್ರಾಣಕ್ಕೇ ಸಂಚಕಾರ. ಬಹುಕಾಲ ಇಟ್ಟರೆ ಒಳಗಿನ ಅಭಿಧಮನಿ ಕಿರಿದಾಗಿ, ಮುಂದೆ ಆ ಬದಿಯ ಕೈಗೆ ಫಿಸ್ಟುಲಾ ಮಾಡುವುದೂ ಕಷ್ಟವಾಗಬಹುದು.

ಕೈಯ ಆರೈಕೆ

ಬಲಗೈ ರೂಢಿಯವರಿಗೆ ಸಾಮಾನ್ಯವಾಗಿ ಎಡಗೈಯನ್ನು ಆರಿಸುತ್ತಾರೆ. ಮೂತ್ರಪಿಂಡದ ಕಾಯಿಲೆ ಇದೆಯೆಂದು ತಿಳಿದ ದಿನದಿಂದಲೇ ಆ ಕೈಯನ್ನು ಕಾಪಾಡಬೇಕು. ರಕ್ತ ತೆಗೆಯಲು, ಗ್ಲೂಕೋಸ್ ಏರಿಸಲು ಅದನ್ನು ಕೊಡಬಾರದು. ಫಿಸ್ಟುಲಾ ಆದ ಮೇಲೆ:

1. ಆ ಕೈಯಲ್ಲಿ ರಕ್ತದೊತ್ತಡ ಅಳೆಯಲು ಬಿಡಬಾರದು. ಆಸ್ಪತ್ರೆಯಲ್ಲಿ ಯಾರೇ ಬಂದರೂ ಸಂಕೋಚವಿಲ್ಲದೆ ತಿಳಿಸಬೇಕು.

2. ಬಿಗಿಯಾದ ಗಡಿಯಾರ, ಬಳೆ, ತೋಳು ಕೂಡದು. ಆ ಕೈ ಮೇಲೆ ಮಲಗಬಾರದು. ಭಾರದ ಚೀಲ ತೂಗುಹಾಕಬಾರದು.

3. ವೈದ್ಯರು ಹೇಳಿದ ಮೇಲೆ ರಬ್ಬರ್ ಚೆಂಡು ಹಿಸುಕುವ ವ್ಯಾಯಾಮ ಮಾಡಬೇಕು.

4. ಪ್ರತಿದಿನ ಬೆಳಿಗ್ಗೆ, ರಾತ್ರಿ ಫಿಸ್ಟುಲಾ ಮೇಲೆ ಬೆರಳಿಟ್ಟು ನೋಡಬೇಕು. ದುಂಬಿ ಗುಂಯ್‌ಗುಟ್ಟಿದಂತೆ ನಡುಕ ಸಿಕ್ಕಬೇಕು. ಅದು ನಿಂತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ನೋವಿಲ್ಲವೆಂದು ಮರುದಿನಕ್ಕೆ ಬಿಡದೆ ಆಗಲೇ ಆಸ್ಪತ್ರೆಗೆ ಹೋಗಬೇಕು. ಬೇಗ ಹೋದರೆ ಉಳಿಸಿಕೊಳ್ಳುವ ಸಾಧ್ಯತೆಯಿದೆ.

5. ಕೆಂಪು, ಕೀವು, ಜ್ವರ, ಬಾವು, ಬೆರಳು ತಣ್ಣಗಾಗಿ ನೀಲಿಗಟ್ಟುವುದು, ಇವು ಕಂಡರೂ ತಡಮಾಡಬಾರದು.

6. ರಕ್ತ ಸೋರಿದರೆ ಶುಭ್ರ ಬಟ್ಟೆಯಿಂದ ಅದೇ ಜಾಗವನ್ನು ಗಟ್ಟಿಯಾಗಿ ಒತ್ತಿ, ಕೈ ಮೇಲೆತ್ತಿ ಹಿಡಿದು, ಒತ್ತಿದ ಬೆರಳು ತೆಗೆಯದೆಯೇ ಆಸ್ಪತ್ರೆಗೆ ಸಾಗಿಸಬೇಕು.

ತೋಟದ ಕೆಲಸ

ಗಾಯ ಮಾಗಿದ ಮೇಲೆ ಕೈ ಎಂದಿನಂತೆ ಬಳಕೆಗೆ ಬರುತ್ತದೆ. ಕಾಫಿ ಹಣ್ಣು ಬಿಡಿಸುವುದು, ಅಡಿಕೆ ಆರಿಸುವುದು, ಲೆಕ್ಕ ಬರೆಯುವುದು, ಯಾವುದಕ್ಕೂ ಅಡ್ಡಿಯಿಲ್ಲ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವುದು, ಕತ್ತಿ ಹಿಡಿದು ಬೇಲಿ ಸವರುವುದು, ಮೂಟೆ ಎತ್ತುವುದು ಬೇಡ. ಅಲ್ಲಿ ಒಂದು ಏಟು ಬಿದ್ದರೆ ಬಹಳ ರಕ್ತ ಹೋಗುತ್ತದೆ.

ಎಲ್ಲರಿಗೂ ಫಿಸ್ಟುಲಾ ಹೊಂದದು. ಅಭಿಧಮನಿ ತೀರಾ ಸಣ್ಣದಾದವರಿಗೆ, ಹೃದಯ ದುರ್ಬಲವಾದವರಿಗೆ ಬೇರೆ ಮಾರ್ಗಗಳಿವೆ. ಅದನ್ನು ನಿಶ್ಚಯಿಸಬೇಕಾದವರು ವೈದ್ಯರು. ಆದರೆ ಕೇಳುವ ಕೆಲಸ ನಮ್ಮದು. 2016ರಲ್ಲಿ ಪ್ರಕಟವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದನ್ವಯ ಬಡ ರೋಗಿಗಳಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಸೌಲಭ್ಯವಿದೆ. ಯಂತ್ರ ಹತ್ತಿರ ಬಂದಿದ್ದರೂ ಅದಕ್ಕೆ ರಕ್ತ ಒದಗಿಸುವ ದಾರಿಯನ್ನು ಮೊದಲೇ ಸಿದ್ಧಪಡಿಸಿಕೊಳ್ಳಬೇಕಾದವರು ನಾವೇ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಸದಸ್ಯರು ಈ ಕೊಯ್ಲಿಗೆ ಮೊದಲೇ ಮೂತ್ರಪಿಂಡದ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಕೋರುತ್ತೇವೆ.