ಹೊಸ ಮಲ್ಟಿಮೀಟರ್ ಕೊಳ್ಳುತ್ತಿದ್ದೀರಾ? ಮೊದಲು ಫ್ಯೂಸ್ ನೋಡಿ

‘ಮನೆ ಕೆಲಸಕ್ಕೆ ಅಗ್ಗದ ಹಳದಿ ಮೀಟರ್ ಸಾಕು, ಉಳಿದದ್ದೆಲ್ಲ ಬ್ರ್ಯಾಂಡಿನ ಬೆಲೆ’ ಎನ್ನುವವರಿದ್ದಾರೆ. ಇದು ಅರ್ಧ ಸತ್ಯ. ಬ್ಯಾಟರಿ, ರಿಮೋಟ್, ಸಣ್ಣ ಎಲ್‌ಇಡಿ ಸರ್ಕ್ಯೂಟ್‌ಗಳಿಗೆ ಅದು ಧಾರಾಳವಾಗಿ ಸಾಕು. 230 ವೋಲ್ಟ್‌ನ ಪ್ಲಗ್ ಪಾಯಿಂಟ್‌ಗೆ ಮಾತ್ರ ಬೇಡ ಎನ್ನುತ್ತೇವೆ ನಾವು.

ವೋಲ್ಟೇಜ್ ಅಳೆಯುವಾಗ ಮೀಟರ್ ಮೂಲಕ ಹರಿಯುವ ಕರೆಂಟ್ ಅತ್ಯಲ್ಪ. ಆದರೆ ಆಂಪ್ಸ್ ಅಳೆಯಲೆಂದು ಕೆಂಪು ವೈರನ್ನು ‘10ಎ’ ತೂತಿಗೆ ಹಾಕಿ, ಅದನ್ನು ಮರೆತು ಪ್ಲಗ್ ಪಾಯಿಂಟ್‌ಗೆ ಚುಚ್ಚಿದರೆ ಮೀಟರ್ ಒಂದು ದಪ್ಪ ತಂತಿಯಾಗಿಬಿಡುತ್ತದೆ: ನೇರ ಶಾರ್ಟ್ ಸರ್ಕ್ಯೂಟ್. ಡಯಲ್ ವೋಲ್ಟ್‌ನಲ್ಲಿದ್ದರೂ ಅಷ್ಟೇ. ಅಗ್ಗದ ಹಲವು ಮೀಟರ್‌ಗಳಲ್ಲಿ ಆ ತೂತಿಗೆ ಫ್ಯೂಸೇ ಇರುವುದಿಲ್ಲ. ‘ಅನ್‌ಫ್ಯೂಸ್ಡ್’ ಎಂದು ಪಕ್ಕದಲ್ಲೇ ಬರೆದಿರುತ್ತದೆ, ಓದುವವರು ಯಾರು?

ಆದ್ದರಿಂದ ಆಂಪ್ಸ್‌ನ ಎಲ್ಲ ತೂತುಗಳಿಗೂ ಸೆರಾಮಿಕ್ ಎಚ್‌ಆರ್‌ಸಿ ಫ್ಯೂಸ್ ಇದೆಯೇ ಎಂದು ಅಂಗಡಿಯಲ್ಲಿ ಕೇಳಿ. ಗಾಜಿನ ಸಣ್ಣ ಫ್ಯೂಸ್ ದೊಡ್ಡ ಶಾರ್ಟ್‌ಗೆ ಸಿಡಿಯಬಹುದು. ಪ್ಲಗ್ ಪಾಯಿಂಟ್‌ಗೆ ಕನಿಷ್ಠ ಕ್ಯಾಟ್ 2, ಮೇನ್ ಬೋರ್ಡ್‌ಗೆ ಕ್ಯಾಟ್ 3 ದರ್ಜೆ ಬೇಕು. ಮೀಟರ್ ಮೇಲೆ ಇದು ರೋಮನ್ ಅಂಕೆಯಲ್ಲಿರುತ್ತದೆ. ಪ್ರೋಬ್ ವೈರ್‌ಗೂ ಅದೇ ದರ್ಜೆ ಇರಲಿ. ಟ್ರೂ ಆರ್‌ಎಂಎಸ್‌ಗೆ ಹೆಚ್ಚು ದುಡ್ಡು ಕೊಡಬೇಕೇ? ಮನೆಯಲ್ಲಿ ಸೈನ್‌ವೇವ್ ಅಲ್ಲದ ಇನ್ವರ್ಟರ್ ಇದ್ದರೆ ಕೊಡಿ. ಸಾದಾ ಮೀಟರ್ ಅದರ ವೋಲ್ಟೇಜನ್ನು ತಪ್ಪಾಗಿ ತೋರಿಸುತ್ತದೆ.