ತಂತಿ, ಮಿಂಚು, ದೂರಲೇಖ: ಒಂದು ಯಂತ್ರದ ಹಲವು ಹೆಸರುಗಳು

‘ತಂತಿ ಬಂದಿದೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಮನೆಯವರೆಲ್ಲರ ಎದೆ ನಡುಗುತ್ತಿದ್ದ ಕಾಲವೊಂದಿದ್ದಿತು. ಸಾವು, ಕಾಯಿಲೆ, ಅಪಘಾತಗಳಂತಹ ತುರ್ತು ಸುದ್ದಿಗಲ್ಲದೆ ನಮ್ಮ ಹಳ್ಳಿಗಳ ಜನರು ತಂತಿಯನ್ನು ಕಳುಹಿಸುತ್ತಿದ್ದುದು ಅಪರೂಪ. ಭಾರತದಲ್ಲಿ ಆ ಸೇವೆಯು 2013ರ ಜುಲೈ ತಿಂಗಳಿನಲ್ಲಿ ಕೊನೆಗೊಂಡಿತು. ಇಂದಿನ ವಿದ್ಯಾರ್ಥಿಗೆ ತಂತಿ ಎಂದರೆ ಲೋಹದ ಎಳೆ ಮಾತ್ರ. ಲೋಹದ ಎಳೆಯ ಹೆಸರು ಒಂದು ಸುದ್ದಿಗೆ, ಆ ಸುದ್ದಿಯನ್ನು ಒಯ್ಯುವ ಏರ್ಪಾಡಿಗೆ, ಕಡೆಗೆ ಒಂದು ಸರ್ಕಾರಿ ಇಲಾಖೆಗೂ ಅಂಟಿಕೊಂಡುದು ಹೇಗೆ? ಇತರ ಭಾಷೆಗಳವರು ಅದೇ ಯಂತ್ರವನ್ನು ಏನೆಂದು ಕರೆದರು? ಇದು ವೈಯಾಕರಣರ ಪ್ರಶ್ನೆಯೆಂದು ವಿಜ್ಞಾನದ ವಿದ್ಯಾರ್ಥಿಯು ತಳ್ಳಿಹಾಕಬೇಕಾಗಿಲ್ಲ. ಹೊಸದಾಗಿ ಬಂದ ಯಂತ್ರವೊಂದರಲ್ಲಿ ಜನರು ಯಾವ ಗುಣವನ್ನು ಮುಖ್ಯವೆಂದು ಬಗೆದರು ಎಂಬುದನ್ನು ಅದರ ಹೆಸರು ತಿಳಿಸುವುದು. ಆ ಗುಣವು ನಿಜವಾಗಿಯೂ ಮುಖ್ಯವೇ ಎಂದು ವಿಚಾರಿಸುವುದು ವಿಜ್ಞಾನದ ಕೆಲಸ.

ಮೊದಲು ಟೆಲಿಗ್ರಾಫ್ ಎಂಬ ಹೆಸರನ್ನೇ ನೋಡೋಣ. ಇದು ವಿದ್ಯುತ್ತಿನೊಡನೆ ಹುಟ್ಟಿದ ಹೆಸರೆಂದು ಅನೇಕರು ತಿಳಿದಿರುವರು. ಆದರೆ ಹೆಸರು ಹುಟ್ಟಿದಾಗ ವಿದ್ಯುತ್ತಿನ ಸೋಂಕೇ ಅದಕ್ಕಿರಲಿಲ್ಲ. ಫ್ರಾನ್ಸ್ ದೇಶದ ಕ್ಲೋದ್ ಶಾಪ್ ಎಂಬಾತನು ತನ್ನ ಸೋದರರೊಡನೆ ಸೇರಿ, ದೂರಕ್ಕೆ ಸುದ್ದಿ ಮುಟ್ಟಿಸುವ ಯಂತ್ರವೊಂದನ್ನು 1790ರ ದಶಕದ ಆರಂಭದಲ್ಲಿ ನಿರ್ಮಿಸಿದನು. ಎತ್ತರವಾದ ಗೋಪುರದ ಮೇಲೆ ಒಂದು ಅಡ್ಡತೊಲೆ. ಅದರ ಎರಡು ತುದಿಗಳಲ್ಲಿ ತಿರುಗುವ ಎರಡು ಕೈಗಳು. ತೊಲೆಯ ಮತ್ತು ಕೈಗಳ ಒಂದೊಂದು ಭಂಗಿಗೆ ಒಂದೊಂದು ಅರ್ಥ. ಮುಂದಿನ ಗೋಪುರದವನು ದೂರದರ್ಶಕದಿಂದ ನೋಡಿ ಅದೇ ಭಂಗಿಯನ್ನು ತನ್ನ ಯಂತ್ರದಲ್ಲಿ ತೋರಿಸಬೇಕು. ಹೀಗೆ ಗೋಪುರದಿಂದ ಗೋಪುರಕ್ಕೆ ಸುದ್ದಿ ಹರಿಯುವುದು. ಆಸ್ಟ್ರಿಯನ್ನರ ವಶದಲ್ಲಿದ್ದ ಕೊಂದೆ ಎಂಬ ಕೋಟೆಯೂರನ್ನು ಫ್ರೆಂಚ್ ಸೈನ್ಯವು ಮರಳಿ ಪಡೆದ ಸುದ್ದಿಯು 1794ರಲ್ಲಿ ಲೀಲ್‌ನಿಂದ ಪ್ಯಾರಿಸಿಗೆ ಹೀಗೆಯೇ ಬಂದಿತು. ಮಂಜು ಕವಿದಾಗಲೂ ರಾತ್ರಿಯಲ್ಲಿಯೂ ಮಾತ್ರ ಈ ಯಂತ್ರವು ನಿರುಪಯುಕ್ತವಾಗುತ್ತಿದ್ದಿತು.

ಶಾಪ್ ತನ್ನ ಯಂತ್ರವನ್ನು ‘ತಾಕಿಗ್ರಾಫ್’ ಎಂದು ಕರೆಯಬಯಸಿದ್ದನು. ಗ್ರೀಕ್ ಮೂಲದ ಈ ಮಾತಿಗೆ ‘ವೇಗವಾಗಿ ಬರೆಯುವುದು’ ಎಂದರ್ಥ. ಮಿಯೊ ದ ಮೆಲಿತೊ ಎಂಬ ಅಧಿಕಾರಿಯು ಇದನ್ನು ಒಪ್ಪದೆ ‘ತೆಲೆಗ್ರಾಫ್’, ಅಂದರೆ ‘ದೂರದಲ್ಲಿ ಬರೆಯುವುದು’, ಎಂಬ ಹೆಸರನ್ನು ಸೂಚಿಸಿದನು. ಅದೇ ನಿಂತಿತು. ಒಬ್ಬನು ಯಂತ್ರದಲ್ಲಿ ವೇಗವನ್ನು ಕಂಡನು. ಇನ್ನೊಬ್ಬನು ದೂರವನ್ನು ಕಂಡನು. ಆದರೆ ವಾಸ್ತವವಾಗಿ ಆ ಯಂತ್ರವು ಏನನ್ನೂ ಬರೆಯುತ್ತಿರಲಿಲ್ಲ; ಬರಿದೆ ಕೈಯಾಡಿಸುತ್ತಿದ್ದಿತು.

1820ರಲ್ಲಿ ಡೆನ್ಮಾರ್ಕಿನ ಏರ್‌ಸ್ಟೆಡ್, ವಿದ್ಯುತ್ತು ಹರಿಯುವ ತಂತಿಯ ಬಳಿ ಕಾಂತಸೂಜಿಯು ಓಲಾಡುವುದೆಂದು ತೋರಿಸಿದನು. ಸೂಜಿ ಓಲಾಡುವುದಾದರೆ ಅದನ್ನೇ ಸಂಕೇತವಾಗಿ ಬಳಸಬಹುದಲ್ಲವೇ? 1837ರಲ್ಲಿ ಇಂಗ್ಲೆಂಡಿನ ಕುಕ್ ಮತ್ತು ವೀಟ್‌ಸ್ಟನ್ ಈ ತತ್ತ್ವದ ಮೇಲೆ ನಡೆಯುವ ಯಂತ್ರಕ್ಕೆ ಹಕ್ಕುಪತ್ರ ಪಡೆದರು. ಅಮೆರಿಕದ ಮೋರ್ಸನು 1844ರಲ್ಲಿ ವಾಷಿಂಗ್ಟನ್ ಮತ್ತು ಬಾಲ್ಟಿಮೋರ್ ನಗರಗಳ ನಡುವೆ ಸುದ್ದಿಯನ್ನು ಕಳುಹಿಸಿದನು. ಅವನ ಯಂತ್ರದಲ್ಲಿ ಕೀಲಿಯನ್ನು ಒತ್ತಿದೊಡನೆ ಮಂಡಲವು ಪೂರ್ಣವಾಗಿ ವಿದ್ಯುತ್ತು ಹರಿಯುವುದು. ದೂರದ ತುದಿಯಲ್ಲಿರುವ ವಿದ್ಯುತ್ಕಾಂತವು ಕಬ್ಬಿಣದ ಸನ್ನೆಯನ್ನು ಸೆಳೆಯುವುದು. ಆ ಸನ್ನೆಯು ಸರಿಯುತ್ತಿರುವ ಕಾಗದದ ಪಟ್ಟಿಯ ಮೇಲೆ ಚುಕ್ಕೆಯನ್ನೋ ಗೆರೆಯನ್ನೋ ಮೂಡಿಸುವುದು. ಹೆಸರು ಹುಟ್ಟಿ ಅರ್ಧ ಶತಮಾನವಾದ ಮೇಲೆ ಟೆಲಿಗ್ರಾಫ್ ನಿಜವಾಗಿಯೂ ದೂರದಲ್ಲಿ ಬರೆಯತೊಡಗಿತು! ಆದರೆ ಅದೂ ಬಹುಕಾಲ ನಡೆಯಲಿಲ್ಲ. ಕೆಲಸಗಾರರು ಸನ್ನೆಯ ಟಕ್‌ಟಕ್ ಶಬ್ದವನ್ನು ಕೇಳಿಯೇ ಸುದ್ದಿಯನ್ನು ತಿಳಿಯಲು ಕಲಿತರು. ಅನೇಕ ಕಡೆ ಕಾಗದದ ಪಟ್ಟಿ ಬೇಡವಾಯಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು.

ಈ ಯಂತ್ರವು ಲೋಕದಲ್ಲೆಲ್ಲ ಹರಡಿದಾಗ, ಕೆಲವು ಭಾಷೆಗಳು ಗ್ರೀಕ್ ಹೆಸರನ್ನೇ ತೆಗೆದುಕೊಂಡುವು. ಹಂಗೆರಿಯವರು ಅದನ್ನು ತಮ್ಮ ನುಡಿಗೆ ತಿರುಗಿಸಿ ‘ತಾವೀರೋ’ ಎಂದರು; ‘ತಾವ್’ ಎಂದರೆ ದೂರ, ‘ಈರೋ’ ಎಂದರೆ ಬರೆಯುವವನು. ಕ್ರೊಯೇಷಿಯದವರು ‘ಬ್ರ್‌ಜೊಯಾವ್’ ಎಂದರು. ಇದಕ್ಕೆ ‘ವೇಗವಾಗಿ ತಿಳಿಸುವುದು’ ಎಂದರ್ಥ. ಶಾಪ್ ಬಯಸಿ ಕೈಬಿಡಬೇಕಾಗಿ ಬಂದ ವೇಗದ ಕಲ್ಪನೆಯೇ ಇಲ್ಲಿ ಮತ್ತೆ ತಲೆಯೆತ್ತಿತೆನ್ನಬಹುದು. ಫಿನ್ಲೆಂಡಿನವರ ‘ಲೆನ್ನಾತಿನ್’ ಎಂಬ ಹೆಸರು ‘ಹಾರಿಸು’ ಎಂಬ ಕ್ರಿಯಾಪದದಿಂದ ಬಂದುದು. ಅವರ ಯಂತ್ರವು ಮಾತನ್ನು ಹಕ್ಕಿಯಂತೆ ಹಾರಿಸುವುದು.

ಪೂರ್ವದೇಶಗಳವರು ಮಿಂಚನ್ನು ಹಿಡಿದರು. ಚೀನೀಯರು ತಂತಿ ಸುದ್ದಿಯನ್ನು ‘ದ್ಯನ್‌ಬಾವ್’ ಎಂದು ಕರೆದರು. ಇದರ ಮೊದಲ ಅಕ್ಷರವು ವಿದ್ಯುತ್ತನ್ನು ಸೂಚಿಸುವುದಾದರೂ ಅದರ ಮೂಲಾರ್ಥ ಮಿಂಚು, ಎರಡನೆಯದು ವರದಿ. ಇವೇ ಎರಡು ಅಕ್ಷರಗಳನ್ನು ಜಪಾನೀಯರು ‘ದೆಂಪೋ’ ಎಂದು ಓದುವರು. ಅರಬ್ಬೀ ಭಾಷೆಯಲ್ಲಿ ‘ಬರ್ಕ್’ ಎಂದರೆ ಮಿಂಚು, ‘ಬರ್ಕಿಯ್ಯಾ’ ಎಂದರೆ ತಂತಿ ಸುದ್ದಿ. ಅದರ ಸೋದರ ಭಾಷೆಯಾದ ಹೀಬ್ರೂವಿನಲ್ಲಿಯೂ ‘ಬರಾಕ್’ ಎಂಬ ಮಿಂಚಿನಿಂದಲೇ ‘ಮಿವ್ರಾಕ್’ ಎಂಬ ಹೆಸರು ಬಂದಿತು. ಕಣ್ಣಿಗೆ ಕಾಣುವ ಕಂಬವನ್ನೂ ತಂತಿಯನ್ನೂ ಬಿಟ್ಟು, ಒಳಗೆ ಹರಿಯುವ ಕಾಣದ ಶಕ್ತಿಯನ್ನು ಈ ಹೆಸರುಗಳು ಹಿಡಿದಿರುವುವು.

ನಮ್ಮ ನಾಡಿನಲ್ಲಿ ಆದುದು ಬೇರೆ. ಓಶಾನೆಸಿ ಎಂಬ ವೈದ್ಯನು 1839ರಲ್ಲಿ ಕಲ್ಕತ್ತೆಯ ಬಳಿ ಪ್ರಯೋಗಕ್ಕಾಗಿ ತಂತಿಯನ್ನು ಎಳೆಸಿದನು. 1851ರಲ್ಲಿ ಕಲ್ಕತ್ತೆಗೂ ಡೈಮಂಡ್ ಹಾರ್ಬರಿಗೂ ನಡುವಣ ಮಾರ್ಗವು ತೆರೆಯಿತು. ಬಳಿಕ ಆಗ್ರಾ, ಮುಂಬಯಿ, ಮದರಾಸುಗಳನ್ನು ಜೋಡಿಸುವ ಮಾರ್ಗಗಳು ಬಂದುವು. 1855ರಲ್ಲಿ ಸೇವೆಯು ಸಾರ್ವಜನಿಕರಿಗೆ ದೊರೆಯಿತು. ಕಾಡು, ಹೊಲ, ಹೊಳೆಗಳನ್ನು ದಾಟಿ ಕಂಬದಿಂದ ಕಂಬಕ್ಕೆ ಹಾಯುವ ಲೋಹದ ಎಳೆ ಮಾತ್ರ ಜನರ ಕಣ್ಣಿಗೆ ಬಿದ್ದಿತು. ಹಿಂದಿಯವರು ‘ತಾರ್’ ಎಂದರು. ಸಿತಾರ್ ವಾದ್ಯದ ಹೆಸರಿನಲ್ಲಿಯೂ ತಂತಿ ಎಂಬರ್ಥದ ಈ ಮಾತೇ ಇರುವುದು. ಮಲೆಯಾಳಿಗಳು ‘ಕಂಬಿ’ ಎಂದರು. ಕನ್ನಡಿಗರೂ ತಮಿಳರೂ ‘ತಂತಿ’ ಎಂದರು. ವೀಣೆಯ ಮೇಲಿದ್ದ ಮಾತನ್ನು ತೆಗೆದು ಕಂಬದ ಮೇಲೆ ಕಟ್ಟಿದಂತಾಯಿತು. ಹೀಗೆ ಮಾಡಿದವರು ನಾವು ಮಾತ್ರವೇ ಅಲ್ಲ. ಐಸ್‌ಲೆಂಡಿನವರು ತಮ್ಮ ಪ್ರಾಚೀನ ಭಾಷೆಯಲ್ಲಿ ದಾರ ಎಂಬರ್ಥವಿದ್ದ ಮಾತೊಂದನ್ನು ಎಬ್ಬಿಸಿ ‘ಸೀಮಿ’ ಎಂದು ಮಾಡಿಕೊಂಡರು. ಟೆಲಿಗ್ರಾಫ್ ಅವರಿಗೆ ‘ರಿತ್‌ಸೀಮಿ’, ಬರೆಯುವ ದಾರ. ಟೆಲಿಫೋನ್ ‘ತಾಲ್‌ಸೀಮಿ’, ಮಾತನಾಡುವ ದಾರ.

ತಂತಿ ಎಂಬ ಹೆಸರು ಸುಲಭ. ಹಳ್ಳಿಯ ಮುದುಕಿಗೂ ಅದು ತಿಳಿಯುವುದು. ಆದರೆ ಕಣ್ಣಿಗೆ ಕಂಡುದೆಲ್ಲ ಯಂತ್ರದ ಜೀವಾಳವಲ್ಲ. ಮಾರ್ಕೋನಿಯು 1901ರಲ್ಲಿ ಅಟ್ಲಾಂಟಿಕ್ ಸಾಗರದ ಆಚೆಗೆ ತಂತಿಯಿಲ್ಲದೆಯೇ ಸಂಕೇತವನ್ನು ಮುಟ್ಟಿಸಿದನು. ಈ ಹೊಸ ವಿದ್ಯೆಗೆ ನಾವು ‘ನಿಸ್ತಂತು’ ಎಂದು ಹೆಸರಿಟ್ಟೆವು. ಇಲ್ಲದ ತಂತಿಯಿಂದಲೇ ಅದನ್ನು ಗುರುತಿಸಿದೆವು. ಟೆಲಿಫೋನಿಗಾದರೋ ದೂರವನ್ನು ಹಿಡಿದು ‘ದೂರವಾಣಿ’ ಎಂದೆವು. 1985ರಲ್ಲಿ ಅಂಚೆ ಮತ್ತು ತಂತಿ ಇಲಾಖೆಯು ಇಬ್ಭಾಗವಾದಾಗ ಒಂದು ಭಾಗವು ‘ದೂರಸಂಪರ್ಕ’ ಎನಿಸಿತು. ಮಿಯೊ ಕಂಡ ದೂರವೇ ನಮ್ಮ ಭಾಷೆಗೂ ಹೀಗೆ ಬಂದು ಸೇರಿತು. ಐಸ್‌ಲೆಂಡಿನವರು ಮಾತ್ರ ಕಿಸೆಯಲ್ಲಿಟ್ಟುಕೊಳ್ಳುವ ತಂತಿಯಿಲ್ಲದ ಫೋನನ್ನೂ ‘ಸೀಮಿ’ ಎಂದೇ ಕರೆಯುತ್ತಿರುವರು; ದಾರವಿಲ್ಲದಿದ್ದರೂ ಅವರಿಗೆ ಕೊರತೆಯೇನೂ ತೋರಿಲ್ಲ.

ಹಾಗಾದರೆ ಯಾವ ಹೆಸರು ಸರಿ? ದೂರ, ವೇಗ, ಮಿಂಚು, ಎಳೆ, ಇವೆಲ್ಲವೂ ಆ ಯಂತ್ರದಲ್ಲಿದ್ದುವು. ಯಾವ ಒಂದು ಹೆಸರೂ ಎಲ್ಲವನ್ನೂ ಹೇಳಲಿಲ್ಲ. ತಂತಿಯ ಉದ್ದಕ್ಕೂ ಹೋಗುತ್ತಿದ್ದುದು ವಿದ್ಯುತ್ತು. ಆದರೆ ಸುದ್ದಿಯು ಇದ್ದುದು ಆ ವಿದ್ಯುತ್ತನ್ನು ಹರಿಯಬಿಟ್ಟು ತಡೆಯುವ ಕ್ರಮದಲ್ಲಿ, ಚುಕ್ಕೆ ಮತ್ತು ಗೆರೆಗಳ ಸಂಕೇತದಲ್ಲಿ. ಇಂದಿನ ಗಣಕಯಂತ್ರಗಳು ಎರಡೇ ಚಿಹ್ನೆಗಳಿಂದ ಎಲ್ಲವನ್ನೂ ಹೇಳುವುದಕ್ಕೂ ಇದಕ್ಕೂ ಹತ್ತಿರದ ನಂಟುಂಟು. ಆ ಯಂತ್ರದಿಂದ ಮುಂದಕ್ಕೆ ಉಳಿದು ಬಂದುದು ಈ ಸಂಕೇತದ ಕಲ್ಪನೆ. ಮೇಲೆ ಹೇಳಿದ ಯಾವ ಹೆಸರಿನಲ್ಲಿಯೂ ಅದಕ್ಕೆ ಎಡೆ ದೊರೆಯಲಿಲ್ಲ. ವಿದ್ಯಾರ್ಥಿಗಳು ಹೊಸ ಪಾರಿಭಾಷಿಕ ಪದವೊಂದನ್ನು ಕಲಿತಾಗ, ಅದನ್ನು ಇಟ್ಟವರು ಕಂಡುದೇನು, ಕಾಣದೆ ಬಿಟ್ಟುದೇನು ಎಂದು ಕೇಳಿಕೊಳ್ಳುವುದು ಒಳ್ಳೆಯದು.